ಸೊನ್ನೆ ಬಿದ್ದ ಉತ್ತರ ಪತ್ರಿಕೆ: ಮಿಜೋರಾಂ ಗಡಿಯ ಒಬ್ಬ ನಿರಾಶ್ರಿತ ಹುಡುಗನ ಪ್ರಕರಣ

ಇದು ಮಿಜೋರಾಂನ ಪೂರ್ವ ಗಡಿಯ ಒಂದು ಹಳ್ಳಿಯಲ್ಲಿ ನಡೆದದ್ದು. ಹುಡುಗನ ಹೆಸರು, ಊರು, ಶಾಲೆ, ಶಿಬಿರ ಯಾವುದನ್ನೂ ಹೇಳುತ್ತಿಲ್ಲ. ಗುರುತು ಹತ್ತಬಹುದಾದ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಹುಡುಗನ ಅಪ್ಪ ಇನ್ನೂ ಗಡಿಯ ಆಚೆ ಇದ್ದಾರೆ, ಅದಕ್ಕೇ ಈ ಎಚ್ಚರಿಕೆ. ಆದರೆ ನಾವು ಯಾವಾಗ ಏನು ತೀರ್ಮಾನ ಮಾಡಿದೆವು, ಎಲ್ಲಿ ತಪ್ಪಿದೆವು ಅನ್ನೋದರಲ್ಲಿ ಏನನ್ನೂ ಬದಲಿಸಿಲ್ಲ. ನಿರಾಶ್ರಿತರ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಉಪಯೋಗಕ್ಕೆ ಬರೋದು ಆ ಭಾಗವೇ.

ಹಿನ್ನೆಲೆ

2021ರ ಫೆಬ್ರವರಿ 1ರಂದು ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ಕೆಲವೇ ತಿಂಗಳಲ್ಲಿ ಚಿನ್ ರಾಜ್ಯದಲ್ಲಿ ಕಾಳಗ ಶುರುವಾಯಿತು. ಊರುಗಳು ಖಾಲಿಯಾದವು, ಮನೆಗಳು ಸುಟ್ಟವು. ಜನ ಪಶ್ಚಿಮಕ್ಕೆ ನಡೆದರು. ಪಶ್ಚಿಮಕ್ಕೆ ಇರೋದು ಮಿಜೋರಾಂ.

ಭಾರತ ಮತ್ತು ಮ್ಯಾನ್ಮಾರ್ ನಡುವಿನ ಗಡಿ 1,643 ಕಿ.ಮೀ. ಉದ್ದ. ಅದರಲ್ಲಿ 510 ಕಿ.ಮೀ. ಮಿಜೋರಾಂನದು. ಅಲ್ಲಿ ಸುಮಾರು ದೂರ ತಿಯಾವ್ ನದಿಯೇ ಗಡಿ. ಬೇಸಿಗೆಯಲ್ಲಿ ಅದನ್ನು ಎಷ್ಟೋ ಕಡೆ ನಡೆದೇ ದಾಟಬಹುದು. ಎರಡೂ ದಡದ ಜನ ಒಂದೇ ಬಳ್ಳಿಯವರು. ಮಿಜೋ ಭಾಷೆ ಮತ್ತು ಚಿನ್ ಬೆಟ್ಟಗಳ ಭಾಷೆಗಳು ಅಕ್ಕತಂಗಿಯರ ಹಾಗೆ. ಮದುವೆ, ನೆಂಟಸ್ತನ, ಚರ್ಚು, ವ್ಯಾಪಾರ ಎಲ್ಲವೂ ನದಿ ದಾಟಿ ನಡೆಯುತ್ತಿತ್ತು. ಗಡಿಯಿಂದ 16 ಕಿ.ಮೀ. ಒಳಗಿನ ಜನ ವೀಸಾ ಇಲ್ಲದೆ ಓಡಾಡುವ ವ್ಯವಸ್ಥೆಯೂ ಬಹಳ ಕಾಲ ಇತ್ತು.

ಕಾನೂನಿನ ಚಿತ್ರ ಬೇರೆ. ನಿರಾಶ್ರಿತರ ಬಗ್ಗೆ 1951ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆ ಅಂತಲೇ ಒಂದು ಕಾನೂನೂ ನಮ್ಮಲ್ಲಿಲ್ಲ. 2021ರ ಮಾರ್ಚ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಗಡಿ ರಾಜ್ಯಗಳಿಗೆ ಪತ್ರ ಬರೆಯಿತು. ಒಳಬರುವವರನ್ನು ತಡೆಯಿರಿ, ಯಾರನ್ನೂ ನಿರಾಶ್ರಿತರು ಅಂತ ಘೋಷಿಸುವ ಅಧಿಕಾರ ರಾಜ್ಯಗಳಿಗಿಲ್ಲ ಅನ್ನೋದು ಅದರ ಸಾರ. ಅದೇ ತಿಂಗಳು ಆಗಿನ ಮುಖ್ಯಮಂತ್ರಿ ಜೋರಂಥಂಗಾ ಪ್ರಧಾನಿಗೆ ಪತ್ರ ಬರೆದು, ಇವರಿಗೆ ಆಸರೆ ಕೊಡಲೇಬೇಕು ಎಂದರು. ಹೀಗೆ ಎರಡು ಪತ್ರಗಳ ನಡುವೆ ಜನ ಬರುತ್ತಲೇ ಇದ್ದರು. 2011ರ ಜನಗಣತಿಯಲ್ಲಿ ಮಿಜೋರಾಂನ ಜನಸಂಖ್ಯೆ ಹೆಚ್ಚುಕಡಿಮೆ 11 ಲಕ್ಷ. ಅಂಥ ಪುಟ್ಟ ರಾಜ್ಯಕ್ಕೆ ಮುಂದಿನ ಎರಡು ವರ್ಷಗಳಲ್ಲಿ ಸುಮಾರು 30,000 ಜನ ಬಂದು ಸೇರಿದರು.

ಅವರಿಗೆ ಮೊದಲ ಅನ್ನ ಹಾಕಿದ್ದು ಹಳ್ಳಿಯವರು, ಚರ್ಚುಗಳು ಮತ್ತು ಯಂಗ್ ಮಿಜೋ ಅಸೋಸಿಯೇಷನ್. ಎಲ್ಲರೂ ವೈಎಂಎ ಅಂತಾರೆ. 1935ರಲ್ಲಿ ಶುರುವಾದ ಸಂಘ, ಹಳ್ಳಿ ಹಳ್ಳಿಯಲ್ಲೂ ಶಾಖೆ ಇದೆ. ಯುವಕರು ಬಿದಿರು ಕಡಿದು ತಂದರು, ಟಾರ್ಪಾಲಿನ್ ಕಟ್ಟಿದರು, ಮನೆ ಮನೆಯಿಂದ ಅಕ್ಕಿ ಎತ್ತಿದರು. ಇಷ್ಟೊಂದು ಯಾಕೆ ಮಾಡ್ತೀರಿ ಅಂತ ನಾನು ಒಬ್ಬ ಅಜ್ಜನನ್ನು ಕೇಳಿದ್ದೆ. ಅವರು 1966ರ ಮಾತು ತೆಗೆದರು. ಆ ವರ್ಷ ಮಿಜೋ ಬಂಡಾಯದ ಸಮಯದಲ್ಲಿ ಐಜಾಲ್ ಮೇಲೆ ನಮ್ಮದೇ ವಾಯುಪಡೆಯ ವಿಮಾನಗಳು ದಾಳಿ ಮಾಡಿದ್ದವು. ಆಗ ಎಷ್ಟೋ ಮಿಜೋ ಕುಟುಂಬಗಳು ಓಡಿದ್ದು ಇದೇ ಚಿನ್ ಬೆಟ್ಟಗಳಿಗೆ. "ಅವತ್ತು ನಾನು ಅವರ ಮನೆಯಲ್ಲಿ ಮಲಗಿದ್ದೆ" ಎಂದರು ಅಜ್ಜ. ಅಷ್ಟೇ ಹೇಳಿ ಸುಮ್ಮನಾದರು.

ಈ ಪ್ರೀತಿ ಯಾವಾಗಲೂ ಒಂದೇ ಸಮ ಇರಲಿಲ್ಲ ಅನ್ನೋದನ್ನೂ ಹೇಳಬೇಕು. 2003ರಲ್ಲಿ ಒಂದು ಅಪರಾಧದ ನಂತರ ಮಿಜೋರಾಂನಿಂದ ಚಿನ್ ಜನರನ್ನು ದೊಡ್ಡ ಸಂಖ್ಯೆಯಲ್ಲಿ ವಾಪಸ್ ಕಳಿಸಿದ್ದರು. ಹಳಬರಿಗೆ ಅದು ನೆನಪಿದೆ. ಬಂದವರಿಗೂ ನೆನಪಿದೆ. ಅದಕ್ಕೇ ಶಿಬಿರದ ಜನ ಏನನ್ನೂ ಜೋರಾಗಿ ಕೇಳುವುದಿಲ್ಲ. ಈ ಹುಡುಗನ ಕಥೆ ಅರ್ಥ ಆಗಬೇಕಾದರೆ ಆ ಮೌನ ನೆನಪಿನಲ್ಲಿರಬೇಕು.

ಕುಟುಂಬ ಮತ್ತು ಶಾಲೆ

2021ರ ಕೊನೆಯಲ್ಲಿ ಅಮ್ಮ, ಅಜ್ಜಿ, ಹುಡುಗ ಮತ್ತು ಅವನ ಪುಟ್ಟ ತಂಗಿ ನದಿ ದಾಟಿ ಬಂದರು. ಬೆಟ್ಟದ ಹೊಲ, ದನ ಬಿಟ್ಟು ಬರಲಾಗದೆ ಅಪ್ಪ ಆಚೆಯೇ ಉಳಿದರು. ಅಮ್ಮನಿಗೆ ರಸ್ತೆ ಕೆಲಸದಲ್ಲಿ ಜಲ್ಲಿ ಒಡೆಯುವ ಕೂಲಿ ಸಿಕ್ಕಿತು. ವಾರದಲ್ಲಿ ಮೂರು ದಿನ ಇದ್ದರೆ ನಾಲ್ಕು ದಿನ ಇಲ್ಲ.

ಹುಡುಗನಿಗೆ ಆಗ ಹನ್ನೊಂದು ವರ್ಷ. ತನ್ನೂರಿನಲ್ಲಿ ಮೂರನೇ ತರಗತಿ ಮುಗಿಸಿದ್ದ. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿತು. ಮತ್ತೆ ತೆರೆಯುವ ಹೊತ್ತಿಗೆ ಸೇನೆಯ ಆಡಳಿತ ಬಂದಿತ್ತು. ಅವನ ಮೇಷ್ಟ್ರು ಕೆಲಸ ಬಿಟ್ಟು ಅಸಹಕಾರ ಚಳವಳಿ ಸೇರಿದ್ದರು. ಆಮೇಲೆ ಓಡಾಟ. ಒಟ್ಟು ಎರಡು ವರ್ಷ ಅವನು ಪುಸ್ತಕ ಮುಟ್ಟಿರಲಿಲ್ಲ.

ಮಿಜೋರಾಂ ಶಿಕ್ಷಣ ಇಲಾಖೆ 2021ರ ಆಗಸ್ಟ್ ಕೊನೆಯಲ್ಲೇ ಒಂದು ಒಳ್ಳೆಯ ಕೆಲಸ ಮಾಡಿತ್ತು. ಗಡಿ ದಾಟಿ ಬಂದ ಮಕ್ಕಳನ್ನು ಸರ್ಕಾರಿ ಶಾಲೆಗಳಿಗೆ ಸೇರಿಸಿಕೊಳ್ಳಿ ಅಂತ ಜಿಲ್ಲೆಗಳ ಶಿಕ್ಷಣಾಧಿಕಾರಿಗಳಿಗೆ ಬರೆದಿತ್ತು. ಅದಕ್ಕೆ ಆಧಾರ 2009ರ ಶಿಕ್ಷಣ ಹಕ್ಕು ಕಾಯ್ದೆ. ಆ ಕಾಯ್ದೆಯಲ್ಲಿ ಮಗು ಅಂದರೆ 6ರಿಂದ 14 ವರ್ಷದ ಹುಡುಗ ಅಥವಾ ಹುಡುಗಿ, ಅಷ್ಟೇ. ಯಾವ ದೇಶದ ಮಗು ಅಂತ ಅದು ಕೇಳುವುದಿಲ್ಲ. ಹುಟ್ಟಿದ ದಿನಾಂಕದ ದಾಖಲೆ ಇಲ್ಲ ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದೂ ಅದರಲ್ಲಿದೆ. ಈ ಒಂದು ಪತ್ರದಿಂದ ಎಷ್ಟು ಮಕ್ಕಳಿಗೆ ಬಾಗಿಲು ತೆರೆಯಿತು ಅನ್ನೋದನ್ನು ಕಣ್ಣಾರೆ ನೋಡಿದ್ದೇನೆ.

ಹಳ್ಳಿಯ ಶಾಲೆ ಅಣ್ಣತಂಗಿ ಇಬ್ಬರನ್ನೂ ಸೇರಿಸಿಕೊಂಡಿತು. ಯಾವ ತರಗತಿ ಅಂತ ತಿಳಿಯಲು ಚಿಕ್ಕದೊಂದು ಪರೀಕ್ಷೆ ಕೊಟ್ಟರು. ಪರೀಕ್ಷೆ ಮಿಜೋ ಭಾಷೆಯಲ್ಲಿ, ಸ್ವಲ್ಪ ಇಂಗ್ಲಿಷ್. ಹುಡುಗನಿಗೆ ಸೊನ್ನೆ ಬಂತು. ಅವನನ್ನು ಒಂದನೇ ಕ್ಲಾಸಿಗೆ ಹಾಕಿದರು. ಅವನ ಆರು ವರ್ಷದ ತಂಗಿಯೂ ಅದೇ ಕ್ಲಾಸು. ಇಬ್ಬರೂ ಒಂದೇ ಬೆಂಚು.

ಐದನೇ ವಾರ ಹುಡುಗ ಶಾಲೆ ಬಿಟ್ಟ.

ನಾವು ಮೊದಲು ಮಾಡಿದ್ದು

ನಾವು ನಾಲ್ಕು ಜನರ ತಂಡ. ಹೊರಗಿನವರು. ಭಾರತದವರೇ ಆದರೂ ಮಿಜೋರಾಂಗೆ ಹೋಗಲು ನಮಗೆ ಇನ್ನರ್ ಲೈನ್ ಪರ್ಮಿಟ್ ಬೇಕು. ಅದರ ಅವಧಿ ಮುಗಿಯುತ್ತಲೇ ವಾಪಸ್ ಬರಬೇಕು, ಇಲ್ಲ ನವೀಕರಿಸಬೇಕು. ಹಾಗಾಗಿ ನಾವು ಬಿಟ್ಟು ಬಿಟ್ಟು ಹೋಗುತ್ತಿದ್ದೆವು. ನಮ್ಮ ಕೆಲಸ ಶಾಲೆ ಬಿಟ್ಟ ಮಕ್ಕಳನ್ನು ಮತ್ತೆ ಶಾಲೆಗೆ ಕಳಿಸುವುದು.

ಈ ಹುಡುಗನ ವಿಷಯ ತಿಳಿದಾಗ ನಾವು ಒಂದು ನಿಮಿಷವೂ ಯೋಚಿಸಲಿಲ್ಲ. ಬಡತನ ಅಂದುಕೊಂಡೆವು. ಬ್ಯಾಗು, ಸಮವಸ್ತ್ರ, ಶೂ, ನೋಟ್‌ಬುಕ್ ತಂದುಕೊಟ್ಟೆವು. ಹುಡುಗ ನಾಲ್ಕು ದಿನ ಶಾಲೆಗೆ ಹೋದ. ಐದನೇ ದಿನ ಅಮ್ಮನ ಜೊತೆ ಜಲ್ಲಿ ಒಡೆಯಲು ಹೋದ. ಬ್ಯಾಗನ್ನು ತಂಗಿಗೆ ಕೊಟ್ಟಿದ್ದ.

ಎರಡನೇ ಸಲ ಹೋದಾಗ ನಾವು ಇನ್ನೊಂದು ಊಹೆ ಹಿಡಿದೆವು. ಯುದ್ಧ ನೋಡಿ ಬಂದ ಮಗು, ಮನಸ್ಸಿಗೆ ಪೆಟ್ಟಾಗಿದೆ. ಈ ಊಹೆ ಪೂರ್ತಿ ಸುಳ್ಳಲ್ಲ. ರಾತ್ರಿ ಅವನು ಬೆಚ್ಚಿ ಏಳುತ್ತಿದ್ದ ಎಂದು ಅಜ್ಜಿ ಹೇಳಿದ್ದರು. ನಮ್ಮಲ್ಲಿ ಒಬ್ಬರಿಗೆ ಆಪ್ತಸಮಾಲೋಚನೆಯ ತರಬೇತಿ ಇತ್ತು. ಅವರು ಮಕ್ಕಳನ್ನು ಕೂರಿಸಿ ಚಿತ್ರ ಬರೆಸಿದರು, ಆಟ ಆಡಿಸಿದರು. ಹುಡುಗ ಎಲ್ಲರ ಜೊತೆ ನಕ್ಕ, ಆಡಿದ. ಶಾಲೆಗೆ ಮಾತ್ರ ಹೋಗಲಿಲ್ಲ. ಆದರೂ ನಾನು ವರದಿಯಲ್ಲಿ 'ಆಘಾತದಿಂದ ಶಾಲೆ ತೊರೆದಿದ್ದಾನೆ' ಎಂದೇ ಬರೆದೆ. ಆ ಸಾಲು ಇವತ್ತಿಗೂ ನನಗೆ ಚುಚ್ಚುತ್ತದೆ. ನನ್ನ ಹತ್ತಿರ ಒಂದು ಸಿದ್ಧ ಉತ್ತರ ಇತ್ತು, ಅದನ್ನು ಹುಡುಗನ ಮೇಲೆ ಅಂಟಿಸಿದ್ದೆ.

ಅಮ್ಮ ಆ ಹೊತ್ತಿಗಾಗಲೇ ಕಾರಣ ಹೇಳಿದ್ದರು. "ಅವನಿಗೆ ನಾಚಿಕೆ ಆಗುತ್ತೆ" ಎಂದಿದ್ದರು. ನಮಗೆ ಅನುವಾದ ಮಾಡುತ್ತಿದ್ದ ಯುವಕ ಅದನ್ನು ಸರಿಯಾಗಿಯೇ ಹೇಳಿದ್ದ. ನಾನು ಅದನ್ನು 'ಹೊಸ ಜಾಗದ ಸಂಕೋಚ' ಅಂತ ಅರ್ಥ ಮಾಡಿಕೊಂಡೆ. ಯಾವುದಕ್ಕೆ ನಾಚಿಕೆ, ಯಾರ ಮುಂದೆ ನಾಚಿಕೆ ಅಂತ ಇನ್ನೊಂದೇ ಒಂದು ಪ್ರಶ್ನೆ ಕೇಳಿದ್ದರೆ ನಮಗೆ ಎರಡು ತಿಂಗಳು ಉಳಿಯುತ್ತಿತ್ತು.

ತಿರುವು

ಮೂರನೇ ಸಲ ಹೋಗಿದ್ದು ಮಳೆ ಶುರುವಾದ ಮೇಲೆ. ದಾರಿಯಲ್ಲಿ ಗುಡ್ಡ ಕುಸಿದು ಎರಡು ದಿನ ಹಳ್ಳಿಯಲ್ಲೇ ಸಿಕ್ಕಿಬಿದ್ದೆವು. ಮಾಡಲು ಬೇರೆ ಕೆಲಸ ಇರಲಿಲ್ಲ. ಶಾಲೆಯ ಹೆಡ್‌ಮಾಸ್ಟರ್ ಜೊತೆ ಚಹಾ ಕುಡಿಯುತ್ತಾ, ಹೊಸದಾಗಿ ಸೇರಿದ ಮಕ್ಕಳ ಉತ್ತರ ಪತ್ರಿಕೆಗಳನ್ನು ನೋಡಬಹುದಾ ಅಂತ ಕೇಳಿದೆ. ಅವರು ಒಂದು ಕಟ್ಟು ತಂದಿಟ್ಟರು.

ಹುಡುಗನ ಹಾಳೆಯಲ್ಲಿ ಮೇಲಿನ ಅರ್ಧ ಖಾಲಿ. ಅದು ಭಾಷೆಯ ಭಾಗ. ಕೆಳಗಡೆ ಲೆಕ್ಕಗಳು. ಅಲ್ಲಿ ಪ್ರತಿ ಲೆಕ್ಕದ ಮುಂದೆಯೂ ಏನೋ ಬರೆದಿದ್ದ. ದುಂಡು ದುಂಡಗಿನ ಗುರುತುಗಳು. ಅದರ ಮೇಲೆ ಕೆಂಪು ಗೀಟು ಎಳೆದಿತ್ತು. 15ನ್ನು 8ರಿಂದ ಗುಣಿಸುವ ಲೆಕ್ಕದ ಮುಂದೆ ಅವನು ಬರೆದದ್ದು ನೋಡಿ ನನಗೆ ಒಂದು ಕ್ಷಣ ಕನ್ನಡವೇ ಕಂಡಿತು. ೧೨೦. ನಮ್ಮ ಕನ್ನಡ ಅಂಕಿಯ ಹಾಗೇ ಇತ್ತು.

ಅದು ಕನ್ನಡ ಅಲ್ಲ, ಬರ್ಮೀಸ್. ಎರಡೂ ಲಿಪಿಗಳ ಬೇರು ಬ್ರಾಹ್ಮಿಯಲ್ಲಿದೆ. ಎಲ್ಲ ಅಂಕಿಗಳೂ ಒಂದೇ ಥರ ಇಲ್ಲ. ನಾಲ್ಕು, ಐದು ನನಗೆ ಗೊತ್ತಾಗಲಿಲ್ಲ. ಆದರೆ ಒಂದು, ಎರಡು, ಮೂರು, ಸೊನ್ನೆ ಕನ್ನಡದವುಗಳಿಗೆ ತುಂಬಾ ಹತ್ತಿರ. ಮ್ಯಾನ್ಮಾರ್‌ನ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಬರ್ಮೀಸ್‌ನಲ್ಲಿ, ಲೆಕ್ಕವೂ ಬರ್ಮೀಸ್ ಅಂಕಿಯಲ್ಲಿ. ಹುಡುಗನಿಗೆ ಪ್ರಶ್ನೆಯಲ್ಲಿದ್ದ ಅಂಕಿ ಓದಲು ಬರುತ್ತಿತ್ತು. ಉತ್ತರವನ್ನು ಮಾತ್ರ ತನಗೆ ಕಲಿಸಿದ ಹಾಗೆ ಬರೆದಿದ್ದ.

ಶಿಬಿರದಲ್ಲೇ ಒಬ್ಬ ಮೇಷ್ಟ್ರಿದ್ದರು. ಚಿನ್ ರಾಜ್ಯದ ಸರ್ಕಾರಿ ಶಾಲೆಯಲ್ಲಿ ಹದಿಮೂರು ವರ್ಷ ಪಾಠ ಮಾಡಿ, ಅಸಹಕಾರ ಚಳವಳಿ ಸೇರಿ, ಈಗ ಇಲ್ಲಿ ಕಟ್ಟಡ ಕೆಲಸಕ್ಕೆ ಕಲ್ಲು ಹೊರುತ್ತಿದ್ದವರು. ಹೆಡ್‌ಮಾಸ್ಟರ್ ಆ ಮಳೆಯಲ್ಲೇ ಹಾಳೆ ಹಿಡಿದುಕೊಂಡು ಅವರ ಹತ್ತಿರ ಹೋದರು. ಮೇಷ್ಟ್ರು ಪೆನ್ಸಿಲ್ ತೆಗೆದುಕೊಂಡು ಒಂದೊಂದೇ ನೋಡಿದರು. ಇಪ್ಪತ್ತು ಲೆಕ್ಕದಲ್ಲಿ ಹದಿನೇಳು ಸರಿ.

ಹೆಡ್‌ಮಾಸ್ಟರ್ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮಗೆ ಓದಲು ಬರಲಿಲ್ಲ ಅಂತ ಅವನಿಗೆ ಸೊನ್ನೆ ಹಾಕಿದೆವು" ಎಂದರು. ನಾನು ಅವರ ಜಾಗದಲ್ಲಿದ್ದರೆ ನಮ್ಮವರನ್ನು ಸಮರ್ಥಿಸಿಕೊಳ್ಳುತ್ತಿದ್ದೆನೋ ಏನೋ. ಅವರು ಹಾಗೆ ಮಾಡಲಿಲ್ಲ. ಆ ಕಟ್ಟಿನಲ್ಲಿ ಅದೇ ರೀತಿ ಗೀಟು ಬಿದ್ದ ಇನ್ನೂ ಏಳು ಹಾಳೆ ಸಿಕ್ಕವು.

ಇನ್ನೊಂದು ವಿಷಯವೂ ಆ ದಿನ ಗೊತ್ತಾಯಿತು. ಹುಡುಗನಿಗೆ ರೋಮನ್ ಅಕ್ಷರ ಚೆನ್ನಾಗಿ ಬರುತ್ತಿತ್ತು. ಅವನ ಮನೆಮಾತು ಲಾಯ್. ಅದನ್ನು ರೋಮನ್ ಲಿಪಿಯಲ್ಲೇ ಬರೆಯುತ್ತಾರೆ. ಭಾನುವಾರದ ಚರ್ಚಿನಲ್ಲಿ ಹಾಡು, ಬೈಬಲ್ ಓದಿ ಕಲಿತಿದ್ದ. ಮಿಜೋ ಭಾಷೆಯ ಲಿಪಿಯೂ ರೋಮನ್ನೇ. ಅಂದರೆ ಅವನಿಗೆ ಅಕ್ಷರ ಹೊಸದಲ್ಲ, ಪದಗಳು ಮಾತ್ರ ಹೊಸವು. ಒಂದನೇ ಕ್ಲಾಸಿನಲ್ಲಿ ಅವನಿಗೆ ಅಕ್ಷರ ತಿದ್ದಿಸುತ್ತಿದ್ದರು.

ಹನ್ನೊಂದು ವರ್ಷದ ಹುಡುಗ, ಗುಣಾಕಾರ ಬರುವವನು, ತಂಗಿಯ ಪಕ್ಕ ಕೂತು ಅಕ್ಷರ ತಿದ್ದಬೇಕು. ನಾಚಿಕೆ ಆಗದೆ ಇನ್ನೇನಾಗುತ್ತೆ, ಅಲ್ವಾ?

ಯಾವ ದಾರಿ?

ಇಲ್ಲಿಂದ ಮುಂದೆ ಎಲ್ಲ ಸಲೀಸು ಅಂದುಕೊಂಡಿದ್ದೆವು. ಹಾಗಾಗಲಿಲ್ಲ. ಮೂರು ದಾರಿ ಇದ್ದವು, ಮೂರರ ಹಿಂದೆಯೂ ಒಬ್ಬೊಬ್ಬರು ಗಟ್ಟಿಯಾಗಿ ನಿಂತಿದ್ದರು.

ನಮ್ಮ ತಂಡದ ವಕೀಲ ಗೆಳೆಯ ಕಾನೂನಿನ ದಾರಿ ಹೇಳಿದ. ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಸ್ಪಷ್ಟವಾಗಿದೆ. ಶಾಲೆಗೆ ಹೋಗದ ಅಥವಾ ಮಧ್ಯದಲ್ಲಿ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವುದು ಆ ಮಗುವಿನ ಹಕ್ಕು. ಅಂದರೆ ಈ ಹುಡುಗ ಕೂರಬೇಕಾದ್ದು ಐದು ಅಥವಾ ಆರನೇ ಕ್ಲಾಸಿನಲ್ಲಿ. ಶಿಕ್ಷಣಾಧಿಕಾರಿಗೆ ಅರ್ಜಿ ಕೊಡೋಣ ಎಂದ.

ಶಿಬಿರದ ಮೇಷ್ಟ್ರದು ಬೇರೆ ಯೋಚನೆ. ಶಿಬಿರದಲ್ಲೇ ಒಂದು ಶಾಲೆ ನಡೆಸೋಣ, ಬರ್ಮೀಸ್ ಮತ್ತು ಲಾಯ್‌ನಲ್ಲಿ ಪಾಠ ಮಾಡೋಣ, ನಾಳೆ ವಾಪಸ್ ಹೋದಾಗ ಮಕ್ಕಳು ಅಲ್ಲಿಯ ಪರೀಕ್ಷೆ ಬರೆಯಬೇಕಲ್ಲ ಎಂದರು. ಹುಡುಗನ ಅಪ್ಪನದೂ ಅದೇ ಮಾತು. ಫೋನ್ ಸಿಗ್ನಲ್ ಸಿಕ್ಕಾಗಲೆಲ್ಲ, ಬರ್ಮೀಸ್ ಮರೆಯಬೇಡ ಅಂತ ಮಗನಿಗೆ ಹೇಳುತ್ತಿದ್ದರು. ನಮ್ಮಂಥವರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತೇವೆ. ಬಂದವರು ಇಲ್ಲಿ ಬೆರೆಯಬೇಕು ಅನ್ನೋದೇ ನಮ್ಮ ತಲೆಯಲ್ಲಿ ಇರುತ್ತದೆ. ಅವರು ಬಂದದ್ದು ಬೆರೆಯಲು ಅಲ್ಲ, ಬದುಕಿ ಉಳಿಯಲು. ಮನೆಗೆ ಹೋಗುವ ಆಸೆ ಅವರಿಗೆ ಪ್ರತಿದಿನದ ಮಾತು.

ಹೆಡ್‌ಮಾಸ್ಟರ್ ಮೂರನೆಯದನ್ನು ಹೇಳಿದರು. ನಾಲ್ಕನೇ ಕ್ಲಾಸಿಗೆ ಹಾಕ್ತೀನಿ, ಐದಕ್ಕೆ ಈಗಲೇ ಬೇಡ. ಅಲ್ಲಿ ಮಿಜೋ ಪುಸ್ತಕ ದಪ್ಪ ಇದೆ, ಸಮಾಜ ಪಾಠ ಇದೆ, ಹುಡುಗ ಮತ್ತೆ ಸೋಲ್ತಾನೆ ಎಂದರು.

ಹಳ್ಳಿಯ ತಂದೆತಾಯಿಗಳ ಮಾತೂ ಇತ್ತು. ವೈಎಂಎ ಶಾಖೆಯ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು ಕೇಳಿದರು: "ಇರೋದು ಇಷ್ಟೇ ಮೇಷ್ಟ್ರು. ಅವರೆಲ್ಲ ಹೊಸ ಮಕ್ಕಳ ಹಿಂದೆ ಹೋದರೆ ನಮ್ಮ ಮಕ್ಕಳಿಗೆ ಯಾರು?" ಬೇಸಿಗೆಯಲ್ಲಿ ಬೆಟ್ಟದ ಮೇಲಿನ ಆ ಊರಿಗೆ ಕುಡಿಯುವ ನೀರೇ ಸಾಲದು. ಆ ನೀರನ್ನೂ ಅವರು ಒಂದು ವರ್ಷದಿಂದ ಹಂಚಿಕೊಂಡಿದ್ದರು. ಅಂಥವರು ಕೇಳಿದ ಪ್ರಶ್ನೆ ಅದು. ದ್ವೇಷದಿಂದ ಬಂದದ್ದಲ್ಲ.

ನಾವು ಅರ್ಜಿ ಕೊಡಲಿಲ್ಲ. ಈ ತೀರ್ಮಾನದ ಬಗ್ಗೆ ನಮ್ಮೊಳಗೆ ಇವತ್ತಿಗೂ ಜಗಳ ಇದೆ. ವಕೀಲ ಗೆಳೆಯನ ಪ್ರಕಾರ ನಾವು ಹಕ್ಕನ್ನು ದಯೆ ಮಾಡಿಬಿಟ್ಟೆವು. ನನ್ನ ಲೆಕ್ಕ ಬೇರೆ ಇತ್ತು. ಅರ್ಜಿ ಕೊಟ್ಟು ನಾವು ಪರ್ಮಿಟ್ ಮುಗಿಸಿಕೊಂಡು ಹೊರಟುಬಿಡುತ್ತೇವೆ. ಆ ಹಳ್ಳಿಯಲ್ಲಿ ಉಳಿಯಬೇಕಾದವಳು ಹುಡುಗನ ಅಮ್ಮ. ಅವಳಿಗೆ ಕೂಲಿ ಕೊಡುವವರು, ನೀರು ಕೊಡುವವರು, ಮಗಳಿಗೆ ಜ್ವರ ಬಂದರೆ ಗಾಡಿ ಕೊಡುವವರು ಆ ಸಭೆಯಲ್ಲಿ ಕೂತವರೇ. 2003 ನೆನಪಿರುವ ಹೆಂಗಸು ಅವಳು. ನಾನು ಅವಳನ್ನೇ ಕೇಳಿದೆ, ಈ ಸಲ ಸರಿಯಾಗಿ ಕೇಳಿದೆ. "ಯಾರ ಮೇಲೂ ಕಾಗದ ಹಾಕಬೇಡಿ" ಎಂದಳು. ಆಮೇಲೆ ಸ್ವಲ್ಪ ತಡೆದು, "ಆದರೆ ತಂಗಿ ಜೊತೆ ಕೂರಿಸಬೇಡಿ" ಎಂದಳು.

ಕೊನೆಗೆ ಆದದ್ದು ಇದು. ಹುಡುಗನೂ ಉಳಿದ ಏಳು ಮಕ್ಕಳೂ ಮತ್ತೊಮ್ಮೆ ಪರೀಕ್ಷೆ ಬರೆದರು. ಈ ಸಲ ಮೇಷ್ಟ್ರು ಪ್ರಶ್ನೆಗಳನ್ನು ಬಾಯಲ್ಲಿ ಲಾಯ್‌ನಲ್ಲಿ ಹೇಳಿದರು, ಮಕ್ಕಳು ತಮಗೆ ಬಂದ ಲಿಪಿಯಲ್ಲಿ ಬರೆದರು. ಹುಡುಗ ನಾಲ್ಕನೇ ಕ್ಲಾಸಿಗೆ ಹೋದ. ದಿನಾ ಶಾಲೆಗೆ ಮುಂಚೆ ಒಂದು ಗಂಟೆ ಮೇಷ್ಟ್ರು ವಿಶೇಷ ಪಾಠ ಮಾಡಬೇಕು, ಅವರಿಗೆ ಚರ್ಚಿನಿಂದ ಸಣ್ಣದೊಂದು ಗೌರವಧನ. ಸಭೆಯಲ್ಲಿ ಪ್ರಶ್ನೆ ಕೇಳಿದ ತಾಯಿಗೆ ಹೆಡ್‌ಮಾಸ್ಟರ್ ಕೊಟ್ಟ ಉತ್ತರ ನನಗೆ ಇಷ್ಟವಾಯಿತು. ಆ ಬೆಳಗಿನ ಪಾಠ ಹಳ್ಳಿಯ ಮಕ್ಕಳಿಗೂ ಇರುತ್ತೆ, ಲೆಕ್ಕದಲ್ಲಿ ಹಿಂದೆ ಬಿದ್ದವರು ಯಾರು ಬೇಕಾದರೂ ಬರಬಹುದು ಎಂದರು. ಮೊದಲ ವಾರ ಬಂದ ಹದಿನಾಲ್ಕು ಮಕ್ಕಳಲ್ಲಿ ಆರು ಜನ ಹಳ್ಳಿಯವರು. ಆ ತಾಯಿಯ ಮಗಳೂ ಇದ್ದಳು.

ಶನಿವಾರ ಮಧ್ಯಾಹ್ನ ಶಿಬಿರದಲ್ಲಿ ಬರ್ಮೀಸ್ ಪಾಠ. ಅದು ಅಪ್ಪನಿಗಾಗಿ.

ಆಮೇಲೆ ಏನಾಯಿತು

ಮೊದಲ ತಿಂಗಳು ಅಷ್ಟೇನೂ ಚೆನ್ನಾಗಿರಲಿಲ್ಲ. ನಾಲ್ಕನೇ ಕ್ಲಾಸಿನಲ್ಲೂ ಅವನೇ ಎತ್ತರದ ಹುಡುಗ. ಮಿಜೋ ಮಾತು ಅರ್ಥವಾಗುತ್ತಿತ್ತು, ಬಾಯಿ ಬಿಟ್ಟರೆ ಉಚ್ಚಾರಣೆಗೆ ಕೆಲವರು ನಗುತ್ತಿದ್ದರು. ಆಗ ಅವನನ್ನು ಉಳಿಸಿದ್ದು ಲೆಕ್ಕ. ಬೋರ್ಡಿಗೆ ಕರೆದರೆ ಸರಸರ ಬಿಡಿಸುತ್ತಿದ್ದ. ಒಂದು ದಿನ ಮರೆತು ಬರ್ಮೀಸ್ ಅಂಕಿಯಲ್ಲಿ ಬರೆದನಂತೆ. ಮಕ್ಕಳು ನಗುವ ಮೊದಲೇ ಟೀಚರ್, "ಇದನ್ನು ನಮಗೂ ಕಲಿಸು" ಎಂದರಂತೆ. ಆ ವಾರ ಇಡೀ ಕ್ಲಾಸು ತಮ್ಮ ವಯಸ್ಸನ್ನು ಬರ್ಮೀಸ್‌ನಲ್ಲಿ ಬರೆಯುವ ಆಟ ಆಡಿತು. ನಮ್ಮ ಯಾವ ಬ್ಯಾಗು, ಯಾವ ಸಮಾಲೋಚನೆಯಿಂದಲೂ ಆಗದ ಕೆಲಸ ಆ ಟೀಚರ್‌ನ ಒಂದು ಮಾತಿನಿಂದ ಆಯಿತು ಅಂತ ನಾನು ನಂಬಿದ್ದೇನೆ.

ಹಿಂದಿ ಬರಲಿಲ್ಲ. ಐದನೇ ಭಾಷೆ ಅದು ಅವನಿಗೆ. ಲಾಯ್, ಬರ್ಮೀಸ್, ಮಿಜೋ, ಇಂಗ್ಲಿಷ್, ಆಮೇಲೆ ಹಿಂದಿ. ಹಿಂದಿಯಲ್ಲಿ ಅವನು ಕೊನೆಯವರೆಗೂ ಹಿಂದೆಯೇ ಇದ್ದ.

ಶುಂಠಿ ಕೀಳುವ ಕಾಲದಲ್ಲಿ ಮೂರು ವಾರ ಶಾಲೆಗೆ ಬರಲಿಲ್ಲ. ಹಳೆಯ ಅಭ್ಯಾಸದಂತೆ ನಾನು ಗಾಬರಿಯಾಗಿ ಫೋನ್ ಮಾಡಿದೆ. ಹೆಡ್‌ಮಾಸ್ಟರ್ ಶಾಂತವಾಗಿದ್ದರು. ಅವನು ಬೆಳಗಿನ ಪಾಠ ತಪ್ಪಿಸಿಲ್ಲ, ಪಾಠ ಮುಗಿಸಿ ಹೊಲಕ್ಕೆ ಹೋಗ್ತಾನೆ, ಕೆಲಸ ಮುಗಿದ ಮೇಲೆ ಬರ್ತಾನೆ ಎಂದರು. ಹಾಗೇ ಆಯಿತು. ಮನೆಯ ಅಕ್ಕಿಗೆ ಆ ಕೂಲಿ ಬೇಕಿತ್ತು. ಹಾಜರಿ ಪುಸ್ತಕದಲ್ಲಿ ಮೂರು ವಾರ ಗೈರು ಕಂಡರೂ ಹುಡುಗ ಶಾಲೆಯನ್ನು ಬಿಟ್ಟಿರಲಿಲ್ಲ. ಬಡತನದ ನಮ್ಮ ಮೊದಲ ಊಹೆಯಲ್ಲಿ ನಿಜ ಇತ್ತು, ಆದರೆ ಅದು ಅವನನ್ನು ಕೆಲವು ವಾರ ದೂರ ಇಡುವಷ್ಟು ಮಾತ್ರ. ಪೂರ್ತಿ ಬಿಡಿಸಿದ್ದು ಆ ಬೆಂಚು.

ಮುಂದಿನ ವರ್ಷ ಅವನು ಐದಕ್ಕೆ ಹೋದ.

2023ರ ನವೆಂಬರ್‌ನಲ್ಲಿ ಗಡಿ ಆಚೆ ಮತ್ತೆ ಜೋರು ಕಾಳಗ ನಡೆಯಿತು. ಚಂಫಾಯ್ ಜಿಲ್ಲೆಯ ಜೋಖಾಥಾರ್‌ಗೆ ಕೆಲವೇ ದಿನಗಳಲ್ಲಿ ಸಾವಿರಾರು ಜನ ದಾಟಿ ಬಂದರು. ಅವರಲ್ಲಿ ಕೆಲವು ಕುಟುಂಬ ಈ ಹಳ್ಳಿಗೂ ಬಂದವು. ಈ ಸಲ ಶಾಲೆ ಮಕ್ಕಳಿಗೆ ಬರೆಯುವ ಪರೀಕ್ಷೆ ಕೊಡಲೇ ಇಲ್ಲ. ಮೇಷ್ಟ್ರನ್ನು ಕರೆಸಿ, ಪ್ರತಿ ಮಗುವಿನ ಜೊತೆ ಹತ್ತು ನಿಮಿಷ ಮಾತಾಡಿಸಿ, ಎಲ್ಲಿಯವರೆಗೆ ಓದಿದ್ದಾರೆ ಅಂತ ಬರೆದುಕೊಂಡಿತು. ಯಾರೂ ತಮ್ಮ ತಂಗಿ, ತಮ್ಮನ ಪಕ್ಕ ಕೂರಲಿಲ್ಲ.

ಈ ಪ್ರಕರಣದಿಂದ ನಾವು ಬದಲಿಸಿಕೊಂಡದ್ದು

ಈಗ ನಮ್ಮ ತಂಡ ಶಾಲೆ ಬಿಟ್ಟ ಮಗುವಿನ ಮನೆಗೆ ಹೋಗುವ ಮೊದಲು ಶಾಲೆಗೆ ಹೋಗುತ್ತದೆ. ಮಗುವಿನ ನೋಟ್‌ಬುಕ್, ಪರೀಕ್ಷೆಯ ಹಾಳೆ ತೆಗೆಸಿ ನೋಡುತ್ತದೆ. ಮಗು ಏನು ಕಳೆದುಕೊಂಡು ಬಂದಿದೆ ಅನ್ನೋದು ಎಲ್ಲರ ಕಣ್ಣಿಗೂ ಬೀಳುತ್ತದೆ. ಏನು ಹೊತ್ತುಕೊಂಡು ಬಂದಿದೆ ಅನ್ನೋದನ್ನು ಹುಡುಕಬೇಕಾಗುತ್ತದೆ. ನಮ್ಮ ಮನೆಭೇಟಿಯ ಫಾರ್ಮಿನಲ್ಲಿ ಕೊರತೆಗಳಿಗೆ ಎರಡು ಪುಟ ಇತ್ತು, ಮಗುವಿಗೆ ಏನೇನು ಬರುತ್ತೆ ಅಂತ ಬರೆಯಲು ಒಂದು ಸಾಲೂ ಇರಲಿಲ್ಲ. ಫಾರ್ಮ್ ಬದಲಿಸಿದೆವು. ಬರುವ ಭಾಷೆಗಳು, ಬರುವ ಲಿಪಿಗಳು, ಎಲ್ಲಿ ಕಲಿತದ್ದು, ಕೊನೆಗೆ ಓದಿದ ಪಾಠ ಯಾವುದು ಅಂತ ಈಗ ಮೊದಲ ಪುಟದಲ್ಲೇ ಇದೆ. ಚರ್ಚಿನಲ್ಲಿ, ಅಂಗಡಿಯಲ್ಲಿ, ಅಜ್ಜಿಯ ಹತ್ತಿರ ಕಲಿತದ್ದನ್ನೂ ಬರೆಯುತ್ತೇವೆ.

ಶಿಬಿರದೊಳಗಿನ ಶಿಕ್ಷಕರನ್ನು, ನರ್ಸ್‌ಗಳನ್ನು ಮೊದಲ ದಿನವೇ ಹುಡುಕುವುದು ಇನ್ನೊಂದು ಬದಲಾವಣೆ. ನಮಗೆ ಮೂರು ಭೇಟಿ ಬೇಕಾದ ಉತ್ತರ ಕಲ್ಲು ಹೊರುತ್ತಿದ್ದ ಆ ಮೇಷ್ಟ್ರಿಗೆ ಹತ್ತು ನಿಮಿಷದ ಕೆಲಸ ಆಗಿತ್ತು. ಅವರನ್ನು ಯಾರೂ ಕೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಅರ್ಜಿ ಕೊಡದ ತೀರ್ಮಾನದ ಬಗ್ಗೆ ನನಗೆ ಈಗಲೂ ಪೂರ್ತಿ ನೆಮ್ಮದಿ ಇಲ್ಲ. ಈ ಹುಡುಗನಿಗೆ ಅದು ಸರಿಹೋಯಿತು, ಯಾಕೆಂದರೆ ಇಲ್ಲಿ ಹೆಡ್‌ಮಾಸ್ಟರ್ ತಪ್ಪು ಒಪ್ಪಿಕೊಳ್ಳುವ ಮನುಷ್ಯ. ಅಂಥವರು ಇಲ್ಲದ ಕಡೆ ಮಗುವಿನ ಕೈಯಲ್ಲಿ ಇರೋದು 4ನೇ ಸೆಕ್ಷನ್ ಒಂದೇ. ಅಲ್ಲಿ ನಾನು ಅರ್ಜಿ ಬರೆಯುತ್ತೇನೆ. ಆದರೆ ತಾಯಿಯನ್ನು ಕೇಳಿಯೇ ಬರೆಯುತ್ತೇನೆ.

ಕುಟುಂಬ ಆಮೇಲೆ ಬೇರೆ ಕಡೆ ಹೋಯಿತು. ಅಮ್ಮನಿಗೆ ದೊಡ್ಡ ಊರಿನಲ್ಲಿ ಖಾಯಂ ಕೆಲಸ ಸಿಕ್ಕಿತ್ತು. ಹೊರಡುವ ದಿನ ಹೆಡ್‌ಮಾಸ್ಟರ್ ಹುಡುಗನ ಟಿ.ಸಿ. ಬರೆದು, ಸಹಿ ಹಾಕಿ, ಶಾಲೆಯ ಮೊಹರು ಒತ್ತಿ ಕೊಟ್ಟರು. ಐದನೇ ತರಗತಿ ಪಾಸಾಗಿದ್ದಾನೆ, ನಡತೆ ಒಳ್ಳೆಯದು. ನದಿ ದಾಟಿ ಬಂದ ಮೇಲೆ ಅವನು ಇಂಥದ್ದು ಕಲಿತಿದ್ದಾನೆ ಅಂತ ಹೇಳುವ ಮೊದಲ ಕಾಗದ ಅದು. ಅಮ್ಮ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಎರಡು ಸಲ ಮಡಚಿ, ಮತ್ತೆ ಬಿಚ್ಚಿ ನೋಡಿದಳು. ಆಮೇಲೆ ಹೆಡ್‌ಮಾಸ್ಟರ್‌ರನ್ನು ಕೇಳಿದಳು: "ನಾವು ವಾಪಸ್ ಹೋದರೆ ಇದು ಅಲ್ಲಿ ನಡೆಯುತ್ತಾ?"

ಹೆಡ್‌ಮಾಸ್ಟರ್ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಕಾಗದ ಇಸಿದುಕೊಂಡು, ಹಿಂಬದಿಯಲ್ಲಿ ಅದೇ ವಿಷಯವನ್ನು ಬರ್ಮೀಸ್‌ನಲ್ಲಿ ಬರೆದು, ಕೆಳಗೆ ತಮ್ಮ ಹೆಸರು, ತಾವು ಪಾಠ ಮಾಡುತ್ತಿದ್ದ ಹಳೆಯ ಶಾಲೆಯ ಹೆಸರು ಹಾಕಿದರು. ಹೆಡ್‌ಮಾಸ್ಟರ್ ಅದರ ಪಕ್ಕಕ್ಕೂ ಒಂದು ಮೊಹರು ಒತ್ತಿದರು.